ಗೊತ್ತಿತ್ತಾ? ಗೊತ್ತಾದ ಮೇಲೆ ಏನು ಮಾಡಿದ್ರಿ?

(ಮಾರ್ಚ್ ತಿಂಗಳ ಸುರಕ್ಷತಾ ಸಪ್ತಾಹದಲ್ಲಿ, ಪೀಣ್ಯದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಮ್ಯಾನೇಜರುಗಳು, ಸೂಪರ್‌ವೈಸರುಗಳ ಮುಂದೆ ಆಡಿದ ಮಾತಿನ ಬರಹ ರೂಪ.)

ಮೊದಲು ಒಂದು ಪ್ರಶ್ನೆ. ನಿಮ್ಮ ಕಾರ್ಖಾನೆಯ ಲೈಸೆನ್ಸಿನ ಕಾಗದಗಳಲ್ಲಿ ‘ಮ್ಯಾನೇಜರ್’ ಅನ್ನುವ ಜಾಗದಲ್ಲಿ ಯಾರ ಹೆಸರಿದೆ? ಗೊತ್ತಿರುವವರು ಕೈ ಎತ್ತಿ. ಎಪ್ಪತ್ತು ಜನ ಇದ್ದೀರಿ, ಹನ್ನೊಂದು ಕೈ ಕಾಣಿಸುತ್ತಿವೆ. ನಾಚಿಕೆ ಬೇಡ. ನಿಮ್ಮ ವಯಸ್ಸಿನಲ್ಲಿ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಇವತ್ತಿನ ಮಾತೆಲ್ಲ ಅಲ್ಲಿಂದಲೇ ಹೊರಡುವುದು.

ಆಗ ನಾನು ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಅಂದರೆ ಲೋಹದ ತಗಡು ಒತ್ತುವ ವಿಭಾಗದಲ್ಲಿ, ಶಿಫ್ಟ್ ಇನ್‌ಚಾರ್ಜ್. ಇಪ್ಪತ್ತೇಳು ವರ್ಷ. ಕಾಗದದ ಮೇಲೆ ಮ್ಯಾನೇಜರ್ ಆಗಿದ್ದವರು ಎರಡು ತಿಂಗಳ ಹಿಂದೆ ಕೆಲಸ ಬಿಟ್ಟು ಪುಣೆಗೆ ಹೋಗಿದ್ದರು. ಅವರ ಬದಲು ಯಾರು ಅಂತ ಕಾರ್ಖಾನೆಗಳ ಇಲಾಖೆಗೆ ತಿಳಿಸುವ ಕಾಗದವನ್ನು ಯಾರೂ ಕಳಿಸಿರಲಿಲ್ಲ. ಒಂದು ರಾತ್ರಿ ನಮ್ಮ ಶೆಡ್ಡಿನಲ್ಲಿ ಒಬ್ಬ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಕೆಲವು ದಿನಕ್ಕೆ ಆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. “ಮ್ಯಾನೇಜರ್ ಯಾರ್ರೀ?” ಅಂದರು. “ಬಿಟ್ಟು ಹೋದ್ರು ಸಾರ್.” “ಹಾಗಾದ್ರೆ ನಡೆಸ್ತಿರೋರು ಯಾರು?” ನಾನು ದೊಡ್ಡಸ್ತಿಕೆಯಿಂದಲೇ ಹೇಳಿದೆ: “ರಾತ್ರಿ ಎಲ್ಲಾ ನಾನೇ ನೋಡ್ಕೊಳ್ತೀನಿ ಸಾರ್.” ಅವರು ಪೆನ್ನು ತೆಗೆದು ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಮನೆ ವಿಳಾಸ ಬರೆದುಕೊಂಡರು. ತಂದೆಯ ಹೆಸರು ಕೇಳಿದಾಗಲೇ ನನಗೆ ಬೆವರು ಬಂದದ್ದು.

1948ರ ಕಾರ್ಖಾನೆಗಳ ಕಾಯ್ದೆಯ 7ನೇ ಕಲಮಿನಲ್ಲಿ ಒಂದು ಸಣ್ಣ ಉಪಕಲಂ ಇದೆ. ಹೆಸರು ಕೊಟ್ಟ ಮ್ಯಾನೇಜರ್ ಇಲ್ಲದಿದ್ದರೆ, ಅಥವಾ ಅವನು ನಿಜವಾಗಿ ಮ್ಯಾನೇಜರಿಕೆ ಮಾಡದಿದ್ದರೆ, ಆ ಕೆಲಸ ಮಾಡುತ್ತಿರುವುದು ಯಾರು ಅಂತ ಕಂಡುಬರುತ್ತದೋ ಅವನೇ ಮ್ಯಾನೇಜರ್. ಅಂಥವನೂ ಸಿಗದಿದ್ದರೆ ಆಕ್ಯುಪೈಯರೇ ಮ್ಯಾನೇಜರ್. ನನ್ನ ಪ್ರಕರಣ ಎಚ್ಚರಿಕೆ ಪತ್ರದಲ್ಲಿ ಮುಗಿಯಿತು, ಪುಣ್ಯ. ಆದರೆ ಅವತ್ತು ಇನ್‌ಸ್ಪೆಕ್ಟರ್ ಹೊರಡುವಾಗ ಗೇಟಿನ ಹತ್ತಿರ ನಿಂತು ಎರಡು ಪ್ರಶ್ನೆ ಕೇಳಿದರು. “ಆ ಏಣಿಯ ಕಾಲಿಗೆ ರಬ್ಬರ್ ಇಲ್ಲ ಅಂತ ನಿಮಗೆ ಗೊತ್ತಿತ್ತಾ?” ಗೊತ್ತಿತ್ತು. “ಗೊತ್ತಾದ ಮೇಲೆ ಏನು ಮಾಡಿದ್ರಿ?” ಏನೂ ಮಾಡಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸ ಮಾಡಿ ಹೇಳುತ್ತೇನೆ, ಕಾನೂನು ಒಬ್ಬ ಮ್ಯಾನೇಜರನ್ನು ಕೇಳುವುದೆಲ್ಲ ಸುತ್ತಿ ಬಳಸಿ ಈ ಎರಡೇ ಪ್ರಶ್ನೆ.

ಆಕ್ಯುಪೈಯರ್ ಅಂದೆನಲ್ಲ. ಸರ್ಕಾರಿ ಕನ್ನಡದಲ್ಲಿ ‘ಅಧಿಭೋಗದಾರ’ ಅಂತಾರೆ. ಕೇಳಿದರೆ ಯಾರೋ ತುಂಬಾ ಭೋಗ ಅನುಭವಿಸುತ್ತಿರುವ ಹಾಗೆ ಇದೆ. ಕಾರ್ಖಾನೆಯ ವ್ಯವಹಾರದ ಮೇಲೆ ಅಂತಿಮ ಹಿಡಿತ ಇರುವವನು ಅಂತ ಅರ್ಥ. ಕಂಪನಿಯಾದರೆ ಡೈರೆಕ್ಟರುಗಳಲ್ಲಿ ಒಬ್ಬ. ಎಷ್ಟೋ ಕಂಪನಿಗಳು ಇದರಿಂದ ತಪ್ಪಿಸಿಕೊಳ್ಳಲು ಸಂಬಳದ ಅಧಿಕಾರಿಯನ್ನೇ ಆಕ್ಯುಪೈಯರ್ ಅಂತ ಕೂರಿಸಿದ್ದವು. 1996ರಲ್ಲಿ ಸುಪ್ರೀಂ ಕೋರ್ಟು ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಆ ಬಾಗಿಲು ಮುಚ್ಚಿತು: ಕಂಪನಿಯಾದರೆ ಡೈರೆಕ್ಟರೇ ಆಗಬೇಕು, ನೌಕರನನ್ನು ನಿಲ್ಲಿಸುವ ಹಾಗಿಲ್ಲ. ಮಾಲೀಕರು ಸಿಕ್ಕಿಬಿದ್ದರು ಅಂತ ನೀವು ಖುಷಿಪಡಬೇಡಿ. ಪ್ರಕರಣ ದಾಖಲಾಗುವಾಗ ಅವರ ಹೆಸರಿನ ಪಕ್ಕದಲ್ಲೇ ಮ್ಯಾನೇಜರನ ಹೆಸರೂ ಬರುತ್ತದೆ.

ಹಾಗಾದರೆ ಮ್ಯಾನೇಜರಿಗೆ ದಾರಿ ಇಲ್ಲವೇ? ಹಳೆಯ ಕಾಯ್ದೆಯ 101ನೇ ಕಲಂ ಇದೆ. ತಪ್ಪು ಮಾಡಿದ್ದು ನಾನಲ್ಲ, ಇಂಥವನು ಅಂತ ತೋರಿಸಿ ಮ್ಯಾನೇಜರ್ ಪಾರಾಗಬಹುದು. ಆದರೆ ಎರಡು ವಿಷಯ ಸಾಬೀತು ಮಾಡಬೇಕು. ಕಾಯ್ದೆ ಜಾರಿಯಾಗುವಂತೆ ತಾನು ತಕ್ಕ ಜಾಗರೂಕತೆ ವಹಿಸಿದ್ದೆ ಅನ್ನುವುದು ಒಂದು. ಆ ತಪ್ಪು ತನಗೆ ಗೊತ್ತಿಲ್ಲದೆ, ತನ್ನ ಒಪ್ಪಿಗೆಯಿಲ್ಲದೆ, ತಾನು ಕಂಡೂ ಕಾಣದ ಹಾಗೆ ಇರದೆ ನಡೆಯಿತು ಅನ್ನುವುದು ಇನ್ನೊಂದು. ಈ ‘ಕಂಡೂ ಕಾಣದ ಹಾಗೆ’ ಅನ್ನುವುದರಲ್ಲೇ ನಮ್ಮಲ್ಲಿ ಬಹಳ ಜನ ಬೀಳುವುದು. ಗಾರ್ಡ್, ಅಂದರೆ ರಕ್ಷಣೆಯ ಮುಚ್ಚಳ, ಇಲ್ಲದ ಬೆಲ್ಟಿನ ಪಕ್ಕದಲ್ಲೇ ದಿನಾ ನಾಲ್ಕು ಸಲ ನಡೆದುಹೋಗುವ ಮ್ಯಾನೇಜರ್ ಕೋರ್ಟಿನಲ್ಲಿ “ನನಗೆ ಗೊತ್ತಿರಲಿಲ್ಲ” ಅಂದರೆ ಯಾರು ನಂಬುತ್ತಾರೆ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಾನು ಹೇಳುತ್ತಿರುವ ಕಲಂ ನಂಬರುಗಳೆಲ್ಲ 1948ರ ಕಾಯ್ದೆಯವು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಕಾಯ್ದೆಯೂ ಸೇರಿ ಹದಿಮೂರು ಕಾನೂನುಗಳು 2020ರ ಔದ್ಯೋಗಿಕ ಸುರಕ್ಷತೆ, ಸ್ವಾಸ್ಥ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೊಳಗೆ ಹೋಗಿವೆ. ಹಾಗಿದ್ದೂ ಹಳೆಯ ನಂಬರುಗಳನ್ನೇ ಏಕೆ ಹೇಳುತ್ತಿದ್ದೇನೆ? ಶಾಪ್ ಫ್ಲೋರಿನಲ್ಲಿ ನಿಮ್ಮ ಬಾಯಿಗೆ ಬರುವುದು ಅವೇ. ಕೋರ್ಟುಗಳಲ್ಲಿ ಇರುವ ಹಳೆಯ ಪ್ರಕರಣಗಳೂ ಅವುಗಳ ಮೇಲೆಯೇ ನಿಂತಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರೆಸ್ಸಿನ ಕೆಳಗೆ ಬೆರಳು ಹೋಗುವುದು ಯಾವ ಕಾನೂನಿನಲ್ಲೂ ಬದಲಾಗಿಲ್ಲ. ಸಂಹಿತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಮಂಗಳೂರಿಗೆ ಹೋಗೋಣ. 2022ರ ಏಪ್ರಿಲ್ 17. ಅಲ್ಲಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕ. ಮೀನಿನ ತ್ಯಾಜ್ಯ ನೀರು ಸೇರುವ ಟ್ಯಾಂಕಿನಲ್ಲಿ ಒಬ್ಬ ಕುಸಿದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ಸತ್ತರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಹುಡುಗರು. ಆಮೇಲೆ ಪೊಲೀಸರು ಬಂಧಿಸಿದವರು ಯಾವ ಹಂತದವರು ಗೊತ್ತೇ? ಪ್ರೊಡಕ್ಷನ್ ಮ್ಯಾನೇಜರ್, ಸೂಪರ್‌ವೈಸರ್. ಬಂಧನ ಅಂದರೆ ಅಪರಾಧ ಸಾಬೀತು ಅಂತಲ್ಲ, ನಾನು ಯಾರನ್ನೂ ದೂರುತ್ತಿಲ್ಲ. ಅವತ್ತು ರಾತ್ರಿ ಪೊಲೀಸ್ ಜೀಪು ಯಾರ ಮನೆ ಮುಂದೆ ನಿಲ್ಲುತ್ತದೆ ಅಂತ ಮಾತ್ರ ಹೇಳುತ್ತಿದ್ದೇನೆ. ಈ ಹಾಲಿನಲ್ಲಿ ಕೂತಿರುವವರ ಮನೆ ಮುಂದೆ.

ಕೊಳೆತ ಸಾವಯವ ವಸ್ತು ಇರುವ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೀನು, ಚರ್ಮ, ಸಕ್ಕರೆ ಕಾರ್ಖಾನೆಯ ತ್ಯಾಜ್ಯ, ಕೊನೆಗೆ ನಿಮ್ಮ ಕ್ಯಾಂಟೀನಿನ ಹಿಂದಿನ ಗುಂಡಿ, ಎಲ್ಲ ಕಡೆಯೂ. ಕೊಳೆತ ಮೊಟ್ಟೆ ವಾಸನೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲಿ ಕೂತಿರುತ್ತದೆ. ಇದರ ಮೋಸ ಏನೆಂದರೆ ಪ್ರಮಾಣ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯೇ ಹೋಗುತ್ತದೆ. ಇಳಿದವನಿಗೆ “ವಾಸನೆ ಹೋಯ್ತು, ಗಾಳಿ ಚೆನ್ನಾಗಾಯ್ತು” ಅನ್ನಿಸುತ್ತದೆ. ನಾನು ತರಬೇತಿಯಲ್ಲಿ ಇದನ್ನು ಹೇಳಿದಾಗೆಲ್ಲ ಯಾರಾದರೂ ಒಬ್ಬ ಹಿರಿಯ ಮೇಸ್ತ್ರಿ ಕೈ ಎತ್ತಿ, “ಹೌದು ಸಾರ್, ನಾವು ಬೆಂಕಿಕಡ್ಡಿ ಗೀರಿ ನೋಡ್ತಿದ್ವಿ” ಅನ್ನುತ್ತಾರೆ. ಬೆಂಕಿಕಡ್ಡಿ ಉರಿದರೆ ಆಮ್ಲಜನಕ ಇದೆ ಅಂತ. ಅಯ್ಯಾ, ಈ ಅನಿಲವೇ ಹೊತ್ತಿಕೊಳ್ಳುವಂಥದ್ದು!

36ನೇ ಕಲಂ ಇಂಥ ಟ್ಯಾಂಕು, ಗುಂಡಿ, ಕೊಳವೆಗಳ ಬಗ್ಗೆ. ಅದರ ಒಂದು ಪದವನ್ನು ನೀವು ಮನೆಗೆ ತೆಗೆದುಕೊಂಡು ಹೋಗಬೇಕು. ಒಳಗೆ ಯಾರನ್ನೂ ‘ಇಳಿಸಬಾರದು’ ಅಂತಷ್ಟೇ ಅದು ಹೇಳುವುದಿಲ್ಲ. ‘ಇಳಿಯಲು ಬಿಡಲೂ ಬಾರದು’ ಅನ್ನುತ್ತದೆ. “ನಾನು ಹೇಳಿರಲಿಲ್ಲ ಸಾರ್, ಅವನೇ ಇಳಿದ” ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತು ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಇಳಿಯುವ ಮೊದಲು ಅನಿಲ ತೆಗೆಯಲು ಸಾಧ್ಯವಿರುವ ಎಲ್ಲ ಕ್ರಮ ಆಗಿರಬೇಕು. ಆಮೇಲೆ, ಅರ್ಹ ವ್ಯಕ್ತಿ ತಾನೇ ಪರೀಕ್ಷೆ ಮಾಡಿ ಬರವಣಿಗೆಯಲ್ಲಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಹಾಕಿ, ಸೊಂಟಕ್ಕೆ ಬೆಲ್ಟು ಕಟ್ಟಿ, ಅದರ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಒಬ್ಬ ಹಿಡಿದು ನಿಂತಿರಬೇಕು. ಹಗ್ಗವನ್ನು ಕಂಬಕ್ಕೆ ಕಟ್ಟುವುದಲ್ಲ, ಒಬ್ಬ ಮನುಷ್ಯ ಹಿಡಿದಿರಬೇಕು. ಕಾನೂನು ಬರೆದವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಹಗ್ಗ ಹಿಡಿದವನು ಇದ್ದರೆ ಎರಡನೆಯವನು ಒಳಗೆ ಹಾರುವ ಪ್ರಸಂಗವೇ ಬರುವುದಿಲ್ಲ, ಎಳೆದರೆ ಸಾಕು. ಗುಂಡಿಯಲ್ಲಿ ಸಾಯುವವರಲ್ಲಿ ಬಹಳ ಜನ ಮೊದಲು ಇಳಿದವರಲ್ಲ, ಎತ್ತಲು ಹೋದವರು. ಒಳ್ಳೆಯ ಮನಸ್ಸಿನವರು.

ನೀವು ಪೀಣ್ಯದವರು, ನಮ್ಮಲ್ಲಿ ಮೀನಿನ ಟ್ಯಾಂಕ್ ಎಲ್ಲಿ ಸಾರ್ ಅನ್ನಬಹುದು. ಪ್ಲೇಟಿಂಗ್ ಶಾಪಿನ ತ್ಯಾಜ್ಯ ನೀರಿನ ಟ್ಯಾಂಕ್ ಇಲ್ಲವೇ? ನೆಲದಡಿಯ ನೀರಿನ ಸಂಪ್ ತೊಳೆಯಲು ವರ್ಷಕ್ಕೊಮ್ಮೆ ಹುಡುಗರನ್ನು ಕರೆಸುವುದಿಲ್ಲವೇ? ಅವರಿಗೆ 230 ವೋಲ್ಟಿನ ಹ್ಯಾಂಡ್ ಲ್ಯಾಂಪ್ ಕೊಡುವುದಿಲ್ಲವೇ? ಇಂಥ ಜಾಗದಲ್ಲಿ ತಕ್ಕ ಸುರಕ್ಷಾ ಸಾಧನ ಇಲ್ಲದೆ 24 ವೋಲ್ಟ್ ಮೀರಿದ ಕೈದೀಪ ಕೂಡದು ಅಂತ 36ಎ ಕಲಂ ಹೇಳುತ್ತದೆ. ಟ್ರಾನ್ಸ್‌ಫಾರ್ಮರ್ ಒಂದಕ್ಕೆ ಏನು ಮಹಾ ಖರ್ಚು? ಭಾನುವಾರದ ಕೆಲಸ, ಕಂಟ್ರಾಕ್ಟರನ ಜನ, ಮ್ಯಾನೇಜರ್ ಮನೆಯಲ್ಲಿ. ಅಪಘಾತಕ್ಕೆ ಬೇಕಾದ ಎಲ್ಲವನ್ನೂ ನಾವೇ ಜೋಡಿಸಿ ಇಟ್ಟಿರುತ್ತೇವೆ.

ಭೋಪಾಲದ ಅನಿಲ ದುರಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಒಂದೇ ವಿಷಯ. 1984ರ ಡಿಸೆಂಬರ್ 2-3ರ ರಾತ್ರಿ ನಡೆದದ್ದಕ್ಕೆ ಭೋಪಾಲದ ನ್ಯಾಯಾಲಯ ತೀರ್ಪು ಕೊಟ್ಟದ್ದು 2010ರ ಜೂನ್ 7ರಂದು. ತಪ್ಪಿತಸ್ಥರ ಪಟ್ಟಿ ಚೇರ್ಮನ್‌ರಿಂದ ಶುರುವಾಗಿ ವರ್ಕ್ಸ್ ಮ್ಯಾನೇಜರ್, ಪ್ರೊಡಕ್ಷನ್ ಮ್ಯಾನೇಜರ್, ಪ್ಲಾಂಟ್ ಸೂಪರಿಂಟೆಂಡೆಂಟ್ ದಾಟಿ ಪ್ರೊಡಕ್ಷನ್ ಅಸಿಸ್ಟೆಂಟ್‌ವರೆಗೆ ಇಳಿದಿತ್ತು. ಎರಡು ವರ್ಷ ಶಿಕ್ಷೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದಕ್ಕೆ. ಸಾವಿರಾರು ಜನ ಸತ್ತದ್ದಕ್ಕೆ ಎರಡೇ ವರ್ಷವಾ ಅಂತ ದೇಶವೆಲ್ಲ ಸಿಟ್ಟಾಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ನಿಮ್ಮ ದೃಷ್ಟಿಯಿಂದ ಆ ಪಟ್ಟಿಯ ಕೊನೆಯ ಹುದ್ದೆಯನ್ನು ನೋಡಿ. ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದೇ ಅಪರಾಧಕ್ಕೆ ಐದು ವರ್ಷದವರೆಗೆ ಹೋಗುತ್ತದೆ. 2024ರ ಜುಲೈ 1ರಿಂದ.

ಇಷ್ಟು ಹೆದರಿಸಿದ ಮೇಲೆ ಸಾಮಾನ್ಯವಾಗಿ ಏನಾಗುತ್ತದೆ? ಕಂಪನಿಯವರು “ಮ್ಯಾನೇಜರುಗಳಿಗೆಲ್ಲ ಟ್ರೈನಿಂಗ್ ಮಾಡಿಸಿಬಿಡೋಣ” ಅನ್ನುತ್ತಾರೆ. ಹೋಟೆಲಿನ ಹಾಲು, ಎಸಿ, ಹೊರಗಿನಿಂದ ಬಂದ ತರಬೇತುದಾರ, ಮಧ್ಯಾಹ್ನ ಒಳ್ಳೆಯ ಊಟ, ಸಂಜೆ ಸರ್ಟಿಫಿಕೇಟ್, ಗುಂಪು ಫೋಟೊ. ನಾನೂ ಇದನ್ನು ಮಾಡಿದ್ದೇನೆ. ಎರಡು ದಿನ, ನೂರ ಅರವತ್ತು ಸ್ಲೈಡು. ಕಲಂ ಕಲಮಾಗಿ ಬಿಡಿಸಿ ಹೇಳಿದ್ದೆ. ಕೊನೆಗೆ ಐವತ್ತು ಅಂಕದ ಪರೀಕ್ಷೆ. ನಮ್ಮ ಪ್ರೆಸ್ ಶಾಪಿನ ಸೂಪರ್‌ವೈಸರ್ ಒಬ್ಬರು 46 ತೆಗೆದರು, ಎಲ್ಲರಿಗಿಂತ ಹೆಚ್ಚು. ನಾನು ಹೆಮ್ಮೆಯಿಂದ ನೋಟಿಸ್ ಬೋರ್ಡಿಗೆ ಹಾಕಿಸಿದೆ.

ಒಂಬತ್ತನೇ ದಿನ ಅವರದೇ ಶಿಫ್ಟಿನಲ್ಲಿ ಒಬ್ಬ ಹುಡುಗ ಎರಡು ಬೆರಳು ಕಳೆದುಕೊಂಡ. ಪವರ್ ಪ್ರೆಸ್. ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸಿನ ಒತ್ತುವ ಭಾಗ, ಅಂದರೆ ರ‍್ಯಾಮ್ ಇಳಿಯಬೇಕು, ಅದಕ್ಕೇ ತಾನೇ ಆ ಬಟನ್ ಇರುವುದು. ಎಡಗಡೆಯ ಬಟನ್ನಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಒತ್ತಿಟ್ಟಿದ್ದರು. ಒಂದು ಕೈ ಬಿಡುವಾದರೆ ಗಂಟೆಗೆ ಹೆಚ್ಚು ಪೀಸ್ ಬರುತ್ತದೆ. ಟೇಪಿಗೆ ಧೂಳು ಕೂತು ಬೂದುಬಣ್ಣವಾಗಿತ್ತು, ಅಂದರೆ ಅದು ಅವತ್ತಿನದಲ್ಲ. ನಾನು ಆ ಸೂಪರ್‌ವೈಸರನ್ನು ಪಕ್ಕಕ್ಕೆ ಕರೆದು, “ಯಂತ್ರದ ಬೇಲಿಯ 21ನೇ ಕಲಂ ನಿಮಗೆ ಬಾಯಿಪಾಠ ಇದೆಯಲ್ರೀ” ಅಂದೆ. ಅವರು ಬಹಳ ಮೆತ್ತಗೆ ಹೇಳಿದರು: “ಪರೀಕ್ಷೇಲಿ ಕಲಂ ಕೇಳಿದ್ರಿ ಸಾರ್. ಟೇಪ್ ಬಗ್ಗೆ ಕೇಳ್ಲಿಲ್ಲ.”

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ನೂರ ಅರವತ್ತು ಸ್ಲೈಡಿನಲ್ಲಿ ಒಂದರಲ್ಲೂ ಟೇಪ್ ಇರಲಿಲ್ಲ. ವಿದೇಶದ ಯಾವುದೋ ಹೊಳೆಯುವ ಕಾರ್ಖಾನೆಯ ಚಿತ್ರಗಳಿದ್ದವು.

ಆಮೇಲೆ ಬದಲಾಯಿಸಿದೆ. ಈಗ ನಾನು ಮಾಡುವುದು ಹೀಗೆ. ವಾರಕ್ಕೊಂದು ದಿನ ನಲವತ್ತು ನಿಮಿಷ, ಒಂದು ಯಂತ್ರ, ಒಂದು ಕಲಂ. ಮ್ಯಾನೇಜರುಗಳು ಆ ಯಂತ್ರದ ಸುತ್ತ ನಿಲ್ಲಬೇಕು, ಕುರ್ಚಿ ಇಲ್ಲ. ಕಲಮನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮಾತಾಡುವುದು ಆಪರೇಟರ್. ಅವನನ್ನು “ಸುರಕ್ಷಿತವಾಗಿ ಹೇಗೆ ಕೆಲಸ ಮಾಡ್ತೀಯ?” ಅಂತ ಕೇಳಬೇಡಿ, ಬೋರ್ಡಿನಲ್ಲಿ ಬರೆದಿರುವುದನ್ನೇ ಒಪ್ಪಿಸುತ್ತಾನೆ. “ಟಾರ್ಗೆಟ್ ಇನ್ನೂ ಬಾಕಿ ಇದೆ, ಶಿಫ್ಟ್ ಮುಗಿಯೋಕೆ ಒಂದು ಗಂಟೆ ಇದೆ, ಬೇಗ ಮುಗಿಸೋಕೆ ಏನ್ ಮಾಡ್ತೀಯಪ್ಪ?” ಅಂತ ಕೇಳಿ. ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ಟೇಪು, ಇಂಟರ್‌ಲಾಕಿಗೆ ಸಿಕ್ಕಿಸಿದ ವಾಷರ್, ಚಿಂದಿ ಬಟ್ಟೆ, ಎಲ್ಲ ಹೊರಗೆ ಬರುತ್ತವೆ. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ, ಅಂದರೆ ಲೈಟ್ ಕರ್ಟನ್ನಿನ ಕಿರಣಕ್ಕೆ ಕನ್ನಡಿ ಚೂರು ಇಟ್ಟು ಮೋಸ ಮಾಡಿದ್ದ ಒಬ್ಬ ಹುಡುಗನನ್ನು ನೋಡಿ, ಇವನಿಗೆ ಯಾರಾದರೂ ಎಂಜಿನಿಯರಿಂಗ್ ಓದಿಸಬೇಕಿತ್ತು ಅಂತ ನನಗೆ ಹೊಟ್ಟೆ ಉರಿಯಿತು.

ಅಲ್ಲೇ, ಆ ಯಂತ್ರದ ಮುಂದೆಯೇ ನಿರ್ಧಾರ ಆಗಬೇಕು. ಏನು ಸರಿಪಡಿಸಬೇಕು, ಯಾರು, ಯಾವ ತಾರೀಕಿನೊಳಗೆ, ಎಷ್ಟು ದುಡ್ಡು. ಅಲ್ಲಿಯವರೆಗೆ ಯಂತ್ರ ಓಡುತ್ತದೋ ಇಲ್ಲವೋ. ಅದನ್ನು ಒಂದು ಪುಸ್ತಕದಲ್ಲಿ ಬರೆದು ಮ್ಯಾನೇಜರ್ ಸಹಿ ಹಾಕಬೇಕು. ಈ ಪುಸ್ತಕವೇ ನಾಳೆ ನಿಮ್ಮ ‘ತಕ್ಕ ಜಾಗರೂಕತೆ’. ಹಾಜರಿ ಪಟ್ಟಿಯ ಸಹಿಯಲ್ಲ. ಹಾಜರಿ ಪಟ್ಟಿ ಏನು ತೋರಿಸುತ್ತದೆ ಗೊತ್ತೇ? ನಿಮಗೆ ಗೊತ್ತಿತ್ತು ಅನ್ನುವುದನ್ನು ಮಾತ್ರ. ಮೊದಲ ಪ್ರಶ್ನೆಗೆ ಉತ್ತರ ನೀವೇ ಬರೆದುಕೊಟ್ಟ ಹಾಗಾಯಿತು, ಎರಡನೆಯದಕ್ಕೆ ಖಾಲಿ.

ಇಲ್ಲಿ ಒಂದು ಕಹಿ ಮಾತು. ಒಬ್ಬ ಮ್ಯಾನೇಜರಿಗೆ ಐದು ಸಾವಿರ ರೂಪಾಯಿಯವರೆಗೆ ಮಾತ್ರ ಖರ್ಚು ಮಾಡುವ ಅಧಿಕಾರ. ಗಾರ್ಡಿಗೆ ಹದಿನೆಂಟು ಸಾವಿರ. ಅವನು ಖರೀದಿಗೆ ಇಂಡೆಂಟ್ ಹಾಕುತ್ತಾನೆ, ಅದು ಪರ್ಚೇಸ್ ವಿಭಾಗದಲ್ಲಿ ಮಲಗುತ್ತದೆ. ಅಂಥವನಿಗೆ ಎಷ್ಟು ತರಬೇತಿ ಕೊಟ್ಟರೂ ಒಬ್ಬ ಒಳ್ಳೆಯ ಸಾಕ್ಷಿ ತಯಾರಾಗುತ್ತಾನೆ, ಅಷ್ಟೆ. ಅದಕ್ಕೇ ಆ ನಲವತ್ತು ನಿಮಿಷದ ಕೊನೆಯ ಹತ್ತು ನಿಮಿಷಕ್ಕೆ ಡೈರೆಕ್ಟರ್ ಬರಲೇಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆ. ಬಂದವರು ಕಮ್ಮಿ. ಬಂದ ಕಡೆ ಗಾರ್ಡು ಬೇಗ ಬಂತು.

21ನೇ ಕಲಮಿನ ಬಗ್ಗೆಯೇ ಇನ್ನೊಂದು ಮಾತು. ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕು, ಆ ಭಾಗ ಚಲಿಸುತ್ತಿರುವಷ್ಟು ಹೊತ್ತೂ ಅದು ಜಾಗದಲ್ಲೇ ಇರಬೇಕು ಅನ್ನುತ್ತದೆ. “ಗಾರ್ಡ್ ಹಾಕಿದ್ರೆ ಕೆಲಸ ಆಗಲ್ಲ ಸಾರ್” ಅನ್ನುವುದು ನಮ್ಮ ಊರಿನ ಹಳೆಯ ಹಾಡು. ಇದನ್ನು ಇಂಗ್ಲೆಂಡಿನವರೂ ಹಾಡಿದ್ದರು. ಗ್ರೈಂಡಿಂಗ್ ವೀಲಿಗೆ ಒಬ್ಬ ಕೆಲಸಗಾರನ ಹೆಬ್ಬೆರಳು ತಗುಲಿದ ಪ್ರಕರಣ ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಪೂರ್ತಿ ಮುಚ್ಚಿದರೆ ವೀಲನ್ನು ಬಳಸಲಿಕ್ಕೇ ಆಗುವುದಿಲ್ಲ ಅಂತ ಕಂಪನಿಯ ವಾದ. ಬಳಸಲಾಗದಿದ್ದರೂ ಸರಿ, ಬೇಲಿಯ ಹೊಣೆ ಹೊಣೆಯೇ ಅಂತ 1955ರಲ್ಲಿ ತೀರ್ಪಾಯಿತು. ನಮ್ಮ ಕಲಮಿನ ಮಾತುಗಳೂ ಆ ಕಾನೂನಿನ ಮನೆಯಿಂದಲೇ ಬಂದವು.

ಗಾರ್ಡು ಬಿಚ್ಚುವ ದೊಡ್ಡ ಹಬ್ಬ ಯಾವುದು ಹೇಳಿ? ಆಯುಧಪೂಜೆ. ನಗಬೇಡಿ. ಯಂತ್ರಗಳನ್ನೆಲ್ಲ ಬಿಚ್ಚಿ ತೊಳೆದು, ಬಣ್ಣ ಹೊಡೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟುತ್ತೇವೆ. ನನಗೆ ಬಹಳ ಪ್ರೀತಿಯ ಹಬ್ಬ. ಪೂಜೆಯಾದ ಮೇಲೆ ಬೂದುಗುಂಬಳ ಒಡೆದು ಬಾಗಿಲಲ್ಲೇ ಬಿಟ್ಟಿರುತ್ತಾರೆ, ಫೋರ್ಕ್‌ಲಿಫ್ಟ್ ಅದರ ಮೇಲೆಯೇ ಹೋಗುತ್ತದೆ. ರಜೆ ಮುಗಿಸಿ ಬಂದ ದಿನ ಶೆಡ್ಡಿನ ಮೂಲೆಯಲ್ಲಿ, ಹೊಸ ಬಣ್ಣ ಹೊಡೆದ ಗಾರ್ಡುಗಳು ಒಣಗಲು ಸಾಲಾಗಿ ನಿಂತಿರುತ್ತವೆ, ಯಂತ್ರಗಳು ಓಡುತ್ತಿರುತ್ತವೆ. ವಿಜಯದಶಮಿ ಕಳೆದ ಮೊದಲ ಕೆಲಸದ ದಿನ ಬೆಳಿಗ್ಗೆ ಆರಕ್ಕೆ ನಾನು ಗೇಟಿನಲ್ಲಿ ಇರುತ್ತಿದ್ದೆ. ಮೂಲೆಯಲ್ಲಿರುವ ಗಾರ್ಡು ಎಣಿಸಿದರೆ ಸಾಕು, ಎಷ್ಟು ಯಂತ್ರ ನಿಲ್ಲಿಸಬೇಕು ಅಂತ ಲೆಕ್ಕ ಸಿಗುತ್ತಿತ್ತು.

ಭಾಷೆಯ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. 108ನೇ ಕಲಂ ಪ್ರಕಾರ ಪ್ರಕಟಣೆಗಳು ಇಂಗ್ಲಿಷಿನಲ್ಲೂ ಇರಬೇಕು, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ನಾನು ಬೋರ್ಡಿನಲ್ಲಿ ಕನ್ನಡ ಇರಲೇಬೇಕು ಅಂತ ಜಗಳ ಆಡಿದವನೇ. ಆದರೆ ನಿಮ್ಮ ರಾತ್ರಿ ಶಿಫ್ಟಿನಲ್ಲಿ ನಿಂತಿರುವವರು ಒಡಿಶಾ, ಬಿಹಾರ, ಜಾರ್ಖಂಡಿನ ಹುಡುಗರಾಗಿದ್ದರೆ ಕನ್ನಡದ ಬೋರ್ಡು ಯಾರಿಗಾಗಿ? ಇನ್‌ಸ್ಪೆಕ್ಟರಿಗಾಗಿ. ಕನ್ನಡ ಇರಲಿ, ಅದರ ಕೆಳಗೆ ಹಿಂದಿಯೋ ಒಡಿಯಾವೋ ಬರಲಿ. ಎಷ್ಟೋ ಜನಕ್ಕೆ ಓದಲೂ ಬರುವುದಿಲ್ಲ. ಅವರ ಊರಿನವನೇ ಒಬ್ಬ ಹಳಬನನ್ನು ಹಿಡಿದು, ಅವನ ಬಾಯಲ್ಲಿ ಹೇಳಿಸಿ. ಹೇಳಿದ ಮೇಲೆ “ಅರ್ಥ ಆಯ್ತಾ?” ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. “ಈಗ ನೀನು ಮಾಡಿ ತೋರಿಸು” ಅನ್ನಿ. ಒಮ್ಮೆ ಒಬ್ಬನಿಗೆ ಎಮರ್ಜೆನ್ಸಿ ಸ್ಟಾಪ್ ತೋರಿಸು ಅಂದೆ. ನೇರವಾಗಿ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದ. ಮೂರು ತಿಂಗಳಿಂದ ಆ ಯಂತ್ರದ ಮೇಲಿದ್ದ.

ಅಪಘಾತ ಮುಚ್ಚಿಡುವುದು ಇನ್ನೊಂದು ರೋಗ. ಏಟು ಬಿದ್ದವನು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಅಂತ 88ನೇ ಕಲಂ. ನಾವು ಏನು ಮಾಡುತ್ತೇವೆ? ಗುರುತಿನ ನರ್ಸಿಂಗ್ ಹೋಮಿಗೆ ಕರೆದೊಯ್ದು ಹೊಲಿಗೆ ಹಾಕಿಸಿ, ಮಾರನೇ ದಿನ ಆಟೋದಲ್ಲಿ ಕರೆತಂದು ಕುರ್ಚಿಯ ಮೇಲೆ ಕೂರಿಸಿ ಪಂಚ್ ಮಾಡಿಸುತ್ತೇವೆ. “ಲೈಟ್ ಡ್ಯೂಟಿ.” ಗೇಟಿನಲ್ಲಿ ‘ಅಪಘಾತವಿಲ್ಲದ ದಿನಗಳು 412’ ಅಂತ ಬೋರ್ಡು, ಒಳಗೆ ಬ್ಯಾಂಡೇಜ್ ಸುತ್ತಿದ ಕೈ. ಮ್ಯಾನೇಜರುಗಳಿಗೆ ಬೋನಸ್ಸನ್ನು ಆ ಬೋರ್ಡಿನ ಅಂಕಿಗೆ ಕಟ್ಟಿದ ಕಂಪನಿಗಳನ್ನು ನೋಡಿದ್ದೇನೆ. ಅಂಥ ಕಡೆ ಮ್ಯಾನೇಜರಿಗೆ ಸುಳ್ಳು ಹೇಳುವುದನ್ನೇ ತರಬೇತಿ ಕೊಟ್ಟ ಹಾಗೆ. ಇಎಸ್‌ಐ ಮೂಲಕ ಆ ಹುಡುಗನಿಗೆ ಬರಬೇಕಾದ ಹಣಕ್ಕೂ ಇದರಿಂದಲೇ ಕಲ್ಲು ಬೀಳುತ್ತದೆ. ಅಪಘಾತವಾಗಿದೆ ಅಂತ ಕಾಗದವೇ ಇಲ್ಲದ ಮೇಲೆ ಅವನು ಏನು ತೋರಿಸುತ್ತಾನೆ?

ಈಗ ಸಂಹಿತೆ. ಬೇಗ ಮುಗಿಸುತ್ತೇನೆ, ಊಟದ ವಾಸನೆ ನನಗೂ ಬರುತ್ತಿದೆ. ವಿದ್ಯುತ್ ಬಳಸುವ ಕಡೆ ಹತ್ತು ಜನಕ್ಕೆ ಕಾರ್ಖಾನೆ ಅನ್ನಿಸಿಕೊಳ್ಳುತ್ತಿತ್ತು, ಈಗ ಇಪ್ಪತ್ತು. ವಿದ್ಯುತ್ ಇಲ್ಲದ ಕಡೆ ಇಪ್ಪತ್ತಿದ್ದದ್ದು ನಲವತ್ತು. ಹದಿನೈದು ಜನರ ಶೆಡ್ಡುಗಳು ಪೀಣ್ಯದಲ್ಲಿ ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅವು ‘ಕಾರ್ಖಾನೆ’ ಅನ್ನುವ ಲೆಕ್ಕದಿಂದ ಹೊರಗೆ ಹೋದದ್ದು ಒಳ್ಳೆಯದಲ್ಲ ಅಂತ ನನ್ನ ಅಭಿಪ್ರಾಯ. ಇನ್ನೊಂದು ಕಡೆ, ಸೇಫ್ಟಿ ಆಫೀಸರ್ ಬೇಕಾಗಿದ್ದದ್ದು ಸಾವಿರ ಕಾರ್ಮಿಕರಿಗೆ, ಈಗ ಐನೂರಕ್ಕೇ ಬೇಕು. ಅಪಾಯಕಾರಿ ಪ್ರಕ್ರಿಯೆ ಇದ್ದರೆ ಇನ್ನೂರೈವತ್ತಕ್ಕೆ. ಇದು ಒಳ್ಳೆಯದು. ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷಕ್ಕೆ ಕಮ್ಮಿ ಇಲ್ಲದ ದಂಡ, ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಷ್ಟನ್ನು ಸತ್ತವನ ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅವಕಾಶವಿದೆ. ಹಳೆಯ ಕಾಯ್ದೆಯಲ್ಲಿ ಸಾವಿಗೆ ಕನಿಷ್ಠ ದಂಡ ಇಪ್ಪತ್ತೈದು ಸಾವಿರ ಇತ್ತು, ನೆನಪಿಡಿ.

ಇನ್‌ಸ್ಪೆಕ್ಟರಿಗೆ ಈಗ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಅಂತ ಹೆಸರು. ಯಾರ ಕಾರ್ಖಾನೆಗೆ ಹೋಗಬೇಕು ಅನ್ನುವುದನ್ನು ಕಂಪ್ಯೂಟರ್ ಆರಿಸಿಕೊಡುವ ವ್ಯವಸ್ಥೆ. ಕಿರುಕುಳ ತಪ್ಪಿತು ಅಂತ ಮಾಲೀಕರಿಗೆ ಸಮಾಧಾನ. ಆದರೆ ನನ್ನ ಗೇಟಿನಲ್ಲಿ ನಿಂತು ಎರಡು ಪ್ರಶ್ನೆ ಕೇಳಿದ ಆ ಮನುಷ್ಯ ಅವತ್ತು ಬರದೇ ಹೋಗಿದ್ದರೆ ಏಣಿಗೆ ರಬ್ಬರ್ ಬರುತ್ತಿರಲಿಲ್ಲ. ಇನ್ನು ಮುಂದೆ ಆ ಪ್ರಶ್ನೆಯನ್ನು ನೀವೇ ನಿಮಗೆ ಕೇಳಿಕೊಳ್ಳಬೇಕು, ಅದೂ ಅಪಘಾತವಾಗುವ ಮೊದಲು. ಕೆಲಸದ ಅವಧಿಯ ಕಡೆಯೂ ಒಂದು ಕಣ್ಣಿರಲಿ. 2023ರ ಕರ್ನಾಟಕದ ತಿದ್ದುಪಡಿ ಬಂದಾಗಲೇ ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 144 ಆಯಿತು, ದಿನಕ್ಕೆ ಹನ್ನೆರಡು ಗಂಟೆಯ ಕೆಲಸಕ್ಕೆ ದಾರಿಯಾಯಿತು. ಹನ್ನೊಂದನೇ ಗಂಟೆಯಲ್ಲಿ ಪ್ರೆಸ್ಸಿನ ಮುಂದೆ ನಿಂತವನ ಕಣ್ಣು ಒಮ್ಮೆ ನೋಡಿ ಬನ್ನಿ, ಆಮೇಲೆ ರೋಸ್ಟರಿಗೆ ಸಹಿ ಹಾಕಿ.

ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. “ಯಂತ್ರ ನಿಲ್ಲಿಸಿದರೆ ಓನರ್ ನನ್ನ ಕೆಲಸಾನೇ ತೆಗೆದ್ರೆ ಏನ್ ಸಾರ್ ಮಾಡೋದು?” ಹೆಸರು ಬರೆದಿಲ್ಲ, ಒಳ್ಳೆಯದಾಯಿತು. ಇದಕ್ಕೆ ಸಿಹಿಯಾದ ಉತ್ತರ ನನ್ನ ಹತ್ತಿರ ಇಲ್ಲ. ನಡೆದದ್ದನ್ನು ಹೇಳುತ್ತೇನೆ.

ನನ್ನ ಕೈಕೆಳಗೆ ತರಬೇತಿ ಪಡೆದ ಒಬ್ಬ ಸೂಪರ್‌ವೈಸರ್ ಇದ್ದ. ರಾತ್ರಿ ಶಿಫ್ಟಿನಲ್ಲಿ ಲೈಟ್ ಕರ್ಟನ್ ಕೆಟ್ಟಿತು. ಮೇಲಿನವರಿಗೆ ಫೋನ್ ಮಾಡಿದ. “ಬೆಳಿಗ್ಗೆ ನೋಡೋಣ, ಓಡಿಸು” ಅಂದರು. ಅವನು ಲಾಗ್ ಬುಕ್ಕಿನಲ್ಲಿ ಬರೆದ: ‘2.10ಕ್ಕೆ ಲೈಟ್ ಕರ್ಟನ್ ಕೆಲಸ ಮಾಡುತ್ತಿಲ್ಲ. ಫೋನ್ ಮಾಡಿ ತಿಳಿಸಿದ್ದೇನೆ, ಓಡಿಸಲು ಹೇಳಿದ್ದಾರೆ. ಪ್ರೆಸ್ ನಿಲ್ಲಿಸಿ ಬೀಗ ಹಾಕಿದ್ದೇನೆ.’ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬೆಳಿಗ್ಗೆ ಮನೆಗೆ ಹೋದ. ಡಿಸ್ಪ್ಯಾಚ್ ತಪ್ಪಿತು, ದೊಡ್ಡ ಗಲಾಟೆಯಾಯಿತು. ಬರೆದದ್ದನ್ನು ಅಳಿಸು ಅಂದರು, ಇವನು ಅಳಿಸಲಿಲ್ಲ. ಬರವಣಿಗೆಯಲ್ಲಿ ಇದ್ದುದರಿಂದ ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸ್ಟೋರ್ಸಿಗೆ ಹಾಕಿದರು. ಎಂಟು ತಿಂಗಳು ನಟ್ಟು ಬೋಲ್ಟು ಎಣಿಸಿದ. ನಾನು ಅವನ ಪರವಾಗಿ ಎರಡು ಸಲ ಮಾತಾಡಿದೆ, ಉಪಯೋಗವಾಗಲಿಲ್ಲ.

ಪ್ರೆಸ್ಸಿನ ಕರ್ಟನ್ ಮೂರನೇ ದಿನಕ್ಕೆ ಹೊಸದು ಬಂತು.